ನಾಬೆ: ಮೇಜಿನ ಮೇಲೇ ಬೇಯುವ ಜಪಾನಿನ ಚಳಿಗಾಲದ ಊಟ

ಚಳಿ ಶುರುವಾಯಿತೆಂದರೆ ಜಪಾನಿನ ಮನೆಗಳಲ್ಲಿ ಮೇಜಿನ ನಡುವೆ ಒಂದು ಸಣ್ಣ ಒಲೆ ಬಂದು ಕೂರುತ್ತದೆ. ಅದರ ಮೇಲೆ ಮುಚ್ಚಳವಿರುವ ಮಣ್ಣಿನ ಪಾತ್ರೆ, ಒಳಗೆ ಹಬೆಯಾಡುವ ಸಾರು, ಪಕ್ಕದ ತಟ್ಟೆಯಲ್ಲಿ ಹೆಚ್ಚಿಟ್ಟ ತರಕಾರಿ, ತೋಫು, ಅಣಬೆ, ಮಾಂಸ ಅಥವಾ ಮೀನು. ಈ ಊಟಕ್ಕೆ ನಾಬೆ ಎಂದು ಹೆಸರು. ಅಡುಗೆಮನೆಯಲ್ಲಿ ಮಾಡಿ ತಂದು ಬಡಿಸುವ ಊಟವಲ್ಲ ಇದು. ಬೇಯಿಸುವುದೂ ತಿನ್ನುವುದೂ ಒಂದೇ ಕಡೆ, ಒಂದೇ ಹೊತ್ತಿನಲ್ಲಿ.

ನೋಡಿದರೆ ತುಂಬ ಸುಲಭ ಅನಿಸುತ್ತದೆ. ಹಾಗಾಗಿ ಅನೇಕರು ಎಲ್ಲವನ್ನೂ ಒಂದೇ ಸಲ ಸುರಿದು ಜೋರಾಗಿ ಕುದಿಸಿಬಿಡುತ್ತಾರೆ. ಆಗ ಕೋಸು ಕರಗಿ ಹೋಗುತ್ತದೆ, ತೋಫು ಗಟ್ಟಿಯಾಗುತ್ತದೆ, ಸಾರು ಕದಡುತ್ತದೆ. ನಾಬೆ ಚೆನ್ನಾಗಿ ಬರಬೇಕಾದರೆ ಎರಡು ವಿಷಯ ನೆನಪಿಡಿ. ಶುರುವಿನ ಸಾರು ತಿಳಿಯಾಗಿ, ಸಪ್ಪೆ ಅನಿಸುವಷ್ಟು ಹಗುರವಾಗಿರಬೇಕು. ಪದಾರ್ಥಗಳು ಸ್ವಲ್ಪ ಸ್ವಲ್ಪವಾಗಿ, ಸರದಿಯಲ್ಲಿ ಹೋಗಬೇಕು. ಬೇಯುವ ಪ್ರತಿಯೊಂದೂ ತನ್ನ ರುಚಿಯನ್ನು ಸಾರಿಗೆ ಬಿಡುತ್ತದೆ. ಊಟದ ಕೊನೆಯಲ್ಲಿ ಆ ಸಾರು ಎಷ್ಟು ತುಂಬಿಕೊಂಡಿರುತ್ತದೆ ಎಂದರೆ, ಅದರಲ್ಲಿ ಒಂದಿಷ್ಟು ಅನ್ನ ಬೇಯಿಸಿ ತಿನ್ನುವುದೇ ನಾಬೆಯ ಅತಿ ರುಚಿಯಾದ ಭಾಗ. ಶುರುವಿನಲ್ಲೇ ಉಪ್ಪು, ಸೋಯಾ ಸಾಸ್ ಜಾಸ್ತಿ ಹಾಕಿಬಿಟ್ಟರೆ ಆ ಕೊನೆಯ ತುತ್ತು ಕೈತಪ್ಪುತ್ತದೆ.

ಯಾವ ನಾಬೆ ಎಂದು ಮೊದಲು ತೀರ್ಮಾನಿಸಿ

ಜಪಾನಿನಲ್ಲಿ ಊರಿಗೊಂದು ನಾಬೆ ಇದೆ. ಉತ್ತರದ ಹೊಕ್ಕೈಡೊದಲ್ಲಿ ಸಾಲ್ಮನ್ ಮೀನು ಮತ್ತು ಮಿಸೊ (ಹುದುಗಿಸಿದ ಸೋಯಾ ಕಾಳಿನ ಉಪ್ಪುಪ್ಪಾದ ಪೇಸ್ಟ್) ಹಾಕುವ ಇಶಿಕಾರಿ ನಾಬೆ. ಅಕಿತಾದಲ್ಲಿ ಅನ್ನವನ್ನು ಕುಟ್ಟಿ, ಕಡ್ಡಿಗೆ ಮೆತ್ತಿ, ಸುಟ್ಟು, ಕೋಳಿಯ ಸಾರಿಗೆ ಹಾಕುವ ಕಿರಿತಾಂಪೊ. ಹಿರೋಶಿಮಾದಲ್ಲಿ ಪಾತ್ರೆಯ ಒಳಅಂಚಿಗೆ ಮಿಸೊ ಬಳಿದು ನಡುವೆ ಸಿಂಪಿ ಬೇಯಿಸುತ್ತಾರೆ. ಕ್ಯೋಟೊದ ನಾನ್ಜೆನ್‌ಜಿ ದೇವಾಲಯದ ಸುತ್ತಮುತ್ತ ಬರೀ ತೋಫುವಿನ ಯುದೋಫು ಹೆಸರುವಾಸಿ. ಸುಮೊ ಕುಸ್ತಿಪಟುಗಳ ಗರಡಿಮನೆಯಲ್ಲಿ ದಿನವೂ ಬೇಯುವುದು ಚಾಂಕೊ ನಾಬೆ. ಅದಕ್ಕೆ ಕೋಳಿಯೇ ಶುಭ ಎಂಬ ನಂಬಿಕೆ ಇದೆ: ಕೋಳಿ ಎರಡು ಕಾಲಿನ ಮೇಲೆ ನಿಲ್ಲುತ್ತದೆ, ಸುಮೊದಲ್ಲಿ ಕೈ ನೆಲಕ್ಕೆ ತಾಗಿದರೆ ಸೋಲು.

ಸುಕಿಯಾಕಿಯನ್ನೂ ಶಾಬು ಶಾಬುವನ್ನೂ ಹೆಚ್ಚಿನವರು ಕೇಳಿರುತ್ತೀರಿ. ಎರಡೂ ತೆಳ್ಳಗೆ ಕೊಯ್ದ ದನದ ಮಾಂಸದ ನಾಬೆಗಳು. ಸುಕಿಯಾಕಿ ಸಿಹಿ, ಉಪ್ಪು ಎರಡೂ ಗಾಢವಾಗಿರುವ ಅಡುಗೆ. ಟೋಕಿಯೊ ಕಡೆ ಸಕ್ಕರೆ, ಸೋಯಾ ಬೆರೆಸಿದ ಸಾರಿನಲ್ಲಿ ಬೇಯಿಸಿದರೆ, ಒಸಾಕಾ ಕಡೆ ಮೊದಲು ಮಾಂಸವನ್ನು ಬಾಡಿಸಿ ಸಕ್ಕರೆ, ಸೋಯಾವನ್ನು ಅದರ ಮೇಲೇ ಹಾಕುತ್ತಾರೆ. ಶಾಬು ಶಾಬು ಎಂಬ ಹೆಸರು 1952ರಲ್ಲಿ ಒಸಾಕಾದ ಸುಯೆಹಿರೊ ಎಂಬ ಹೋಟೆಲಿನಲ್ಲಿ ಹುಟ್ಟಿದ್ದು.

ಇಷ್ಟೆಲ್ಲ ಬಗೆ ಇದ್ದರೂ ಅಡುಗೆ ಮಾಡುವವರಿಗೆ ಮುಖ್ಯವಾದ ಭೇದ ಒಂದೇ. ಕೆಲವು ನಾಬೆಗಳಲ್ಲಿ ಸಾರಿಗೇ ಉಪ್ಪು, ಸೋಯಾ, ಮಿಸೊ ಹಾಕಿರುತ್ತಾರೆ. ಬಟ್ಟಲಿಗೆ ಹಾಕಿಕೊಂಡು ಹಾಗೇ ತಿನ್ನಬಹುದು. ಇನ್ನು ಕೆಲವುದರಲ್ಲಿ ಸಾರು ಸಪ್ಪೆ, ಬೆಂದದ್ದನ್ನು ಹುಳಿ ಸಾಸಿನಲ್ಲೋ ಎಳ್ಳಿನ ಸಾಸಿನಲ್ಲೋ ಅದ್ದಿಕೊಂಡು ತಿನ್ನಬೇಕು. ಫುಕುಓಕಾದ ಹಕಾತಾದ ಮಿಜುತಾಕಿ ಎಂಬ ಕೋಳಿ ನಾಬೆ ಈ ಎರಡನೇ ಗುಂಪಿನದು. ಎರಡನ್ನೂ ಸೇರಿಸಬೇಡಿ. ಉಪ್ಪಿನ ಸಾರಿಗೆ ಉಪ್ಪಿನ ಸಾಸ್ ಸೇರಿದರೆ ಅರ್ಧ ಊಟಕ್ಕೇ ನಾಲಿಗೆ ದಣಿಯುತ್ತದೆ.

ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ಅದ್ದಿಕೊಂಡು ತಿನ್ನುವ ಬಗೆಯೇ. ಸಾರಿನ ಹದ ತಪ್ಪುವ ಭಯವಿಲ್ಲ. ಮಕ್ಕಳಿಗೆ ಖಾರವಿಲ್ಲದೆ, ದೊಡ್ಡವರಿಗೆ ಖಾರ ಹಾಕಿ, ಒಂದೇ ಪಾತ್ರೆಯಲ್ಲಿ ಎಲ್ಲರಿಗೂ ಆಗುತ್ತದೆ. ಕೆಳಗಿನ ಅಳತೆ ನಾಲ್ಕು ಜನಕ್ಕೆ. ಕೋಳಿ ಹಾಕುವವರಿಗೂ ಸಸ್ಯಾಹಾರಿಗಳಿಗೂ ಅದೇ ಸಾರು.

ಪಾತ್ರೆ, ಒಲೆ

ನಾಬೆಯ ಮಣ್ಣಿನ ಪಾತ್ರೆಗೆ ದೊನಾಬೆ ಎನ್ನುತ್ತಾರೆ. ಮಿಯೆ ಪ್ರಾಂತ್ಯದ ಇಗಾ ಮತ್ತು ಯೊಕ್ಕಾಯಿಚಿ ಇದಕ್ಕೆ ಹೆಸರಾದ ಊರುಗಳು. ಇಗಾದ ಮಣ್ಣು ಲಕ್ಷಾಂತರ ವರ್ಷಗಳ ಹಿಂದೆ ಬಿವಾ ಸರೋವರದ ತಳವಾಗಿತ್ತು. ಅದರಲ್ಲಿ ಸೇರಿಕೊಂಡಿರುವ ಹಳೆಯ ಗಿಡಮರಗಳ ಅವಶೇಷ ಸುಡುವಾಗ ಉರಿದು ಹೋಗಿ ಸಣ್ಣ ಸಣ್ಣ ರಂಧ್ರ ಉಳಿಯುತ್ತವೆ. ಇಂಥ ಪಾತ್ರೆ ನಿಧಾನವಾಗಿ ಬಿಸಿಯಾಗುತ್ತದೆ, ನಿಧಾನವಾಗಿ ಆರುತ್ತದೆ. ಹೊಸ ದೊನಾಬೆಯನ್ನು ಮೊದಲು ಗಂಜಿ ಕುದಿಸಿ ಪಳಗಿಸಬೇಕು. ಗಂಜಿಯ ಪಿಷ್ಟ ಆ ರಂಧ್ರಗಳನ್ನು ಮುಚ್ಚುತ್ತದೆ. ನಮ್ಮಲ್ಲೂ ಹೊಸ ಮಡಕೆಗೆ ಗಂಜಿ ತಿಳಿ ಹಾಕಿ ಪಳಗಿಸುವ ರೂಢಿ ಇದೆ ಅಲ್ವಾ, ಅದೇ ಕ್ರಮ. ತಳ ಒದ್ದೆಯಿದ್ದಾಗ ಒಲೆಗೆ ಇಡಬೇಡಿ, ಖಾಲಿ ಪಾತ್ರೆ ಕಾಯಿಸಬೇಡಿ, ಬಿಸಿ ಪಾತ್ರೆಗೆ ತಣ್ಣೀರು ಸುರಿಯಬೇಡಿ. ಮೂರರಲ್ಲಿ ಯಾವುದು ಮಾಡಿದರೂ ಬಿರುಕು ಬಿಡಬಹುದು.

ದೊನಾಬೆ ಇಲ್ಲದಿದ್ದರೆ ಸುಮ್ನೆ ಅದಕ್ಕಾಗಿ ಕಾಯಬೇಡಿ. ಅಗಲವಾದ, ತಳ ದಪ್ಪವಿರುವ, ಮುಚ್ಚಳವಿರುವ ಯಾವ ಪಾತ್ರೆಯಾದರೂ ಸಾಕು. ಎಲ್ಲರ ಕೈಗೂ ಎಟುಕುವಷ್ಟು ಅಗಲ, ಒಂದು ಗೇಣಿಗಿಂತ ಕಡಿಮೆ ಆಳ ಇರಲಿ. ಮೇಜಿನ ಮೇಲೆ ಇಂಡಕ್ಷನ್ ಒಲೆ ಇಡುವುದು ನಮ್ಮ ಮನೆಗಳಿಗೆ ಸುಲಭ ದಾರಿ. ಆದರೆ ಸಾಮಾನ್ಯ ಮಣ್ಣಿನ ಪಾತ್ರೆ ಅದರ ಮೇಲೆ ಕಾಯುವುದಿಲ್ಲ, ತಳಕ್ಕೆ ಅಯಸ್ಕಾಂತ ಅಂಟುವ ಸ್ಟೀಲ್ ಅಥವಾ ಕಬ್ಬಿಣದ ಪಾತ್ರೆ ಬೇಕು. ಜಪಾನಿನಲ್ಲಿ ಮನೆಮನೆಯಲ್ಲಿ ಇರುವುದು ಸಣ್ಣ ಗ್ಯಾಸ್ ಡಬ್ಬಿ ಕೂರಿಸುವ ಒಲೆ. ಇವಾತಾನಿ ಕಂಪನಿ 1969ರಲ್ಲಿ ಕೊಳವೆಯಿಲ್ಲದ ಇಂಥ ಒಲೆಯನ್ನು ಮಾರುಕಟ್ಟೆಗೆ ತಂದಿತು. ಈ ಒಲೆ ಬಳಸುವುದಾದರೆ ಒಂದು ಎಚ್ಚರಿಕೆ: ಡಬ್ಬಿಯ ಮೇಲೆ ಚಾಚಿಕೊಳ್ಳುವಷ್ಟು ದೊಡ್ಡ ಪಾತ್ರೆ ಇಡಬಾರದು, ಎರಡು ಒಲೆ ಪಕ್ಕಪಕ್ಕ ಇಡಬಾರದು. ಡಬ್ಬಿ ಕಾದರೆ ಸಿಡಿಯುತ್ತದೆ. ಕಿಟಕಿ ಸ್ವಲ್ಪ ತೆರೆದಿರಲಿ.

ಸಾರು

ನಾಬೆಯ ಜೀವ ದಾಶಿ ಎಂಬ ತಿಳಿಸಾರಿನಲ್ಲಿದೆ. ಇದಕ್ಕೆ ಬೇಕಾದದ್ದು ಕೊಂಬು, ಅಂದರೆ ಹೊಕ್ಕೈಡೊದ ತಣ್ಣನೆ ಕಡಲಲ್ಲಿ ಬೆಳೆಯುವ ಅಗಲ ಎಲೆಯ ಕಡಲಪಾಚಿ, ಒಣಗಿಸಿದ್ದು. ಬೆಂಗಳೂರಿನಂಥ ಊರುಗಳಲ್ಲಿ ಜಪಾನೀ, ಕೊರಿಯನ್ ದಿನಸಿ ಇಡುವ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಸಿಗುತ್ತದೆ. ಅದರ ಮೇಲೆ ಬಿಳಿ ಪುಡಿಯಂತೆ ಕಾಣುವುದು ಬೂಷ್ಟಲ್ಲ. ಅದೇ ರುಚಿ. ತೊಳೆಯದೆ ಒದ್ದೆ ಬಟ್ಟೆಯಿಂದ ಹಗುರವಾಗಿ ಒರೆಸಿದರೆ ಸಾಕು.

2 ಲೀಟರ್ ನೀರಿಗೆ 20 ಗ್ರಾಂ ಕೊಂಬು ಮತ್ತು ಐದಾರು ಒಣ ಶಿಟಾಕೆ ಅಣಬೆ ಹಾಕಿ ಒಂದೆರಡು ಗಂಟೆ ನೆನೆಯಲು ಬಿಡಿ. ಹಿಂದಿನ ರಾತ್ರಿಯೇ ಫ್ರಿಜ್ಜಿನಲ್ಲಿ ನೆನೆಸಿಟ್ಟರೆ ಇನ್ನೂ ಒಳ್ಳೆಯದು. ನೀರಿನ ವಿಷಯ ಇಲ್ಲಿ ದೊಡ್ಡದು. ಜಪಾನಿನ ನೀರು ಮೆದು. ನಮ್ಮ ಬೋರ್‌ವೆಲ್ ನೀರು ಗಡಸು, ಅದರಲ್ಲಿ ಕೊಂಬಿನ ರುಚಿ ಸರಿಯಾಗಿ ಇಳಿಯುವುದಿಲ್ಲ. ಫಿಲ್ಟರ್ ಮಾಡಿದ ಮೆದು ನೀರನ್ನೇ ಬಳಸಿ.

ಆಮೇಲೆ ಅಣಬೆ ತೆಗೆದು, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ಪಾತ್ರೆಯ ತಳದಲ್ಲಿ ಸಣ್ಣ ಗುಳ್ಳೆ ಏಳಲು ಶುರುವಾದಾಗ, ಕುದಿ ಬರುವ ಮೊದಲೇ, ಕೊಂಬು ತೆಗೆಯಿರಿ. ಕುದಿಸಿದರೆ ಲೋಳೆ ಬಿಡುತ್ತದೆ, ವಾಸನೆ ಹತ್ತುತ್ತದೆ. ತೆಗೆದ ಕೊಂಬನ್ನೂ ಅಣಬೆಯನ್ನೂ ಎಸೆಯಬೇಡಿ.

ಕೊಂಬು, ಶಿಟಾಕೆ ಎರಡೂ ಯಾಕೆ? 1908ರಲ್ಲಿ ಟೋಕಿಯೊದ ರಸಾಯನ ವಿಜ್ಞಾನಿ ಇಕೆದಾ ಕಿಕುನಾಯೆ ಕೊಂಬಿನ ಸಾರಿನ ರುಚಿಗೆ ಗ್ಲುಟಮೇಟ್ ಕಾರಣ ಎಂದು ಕಂಡುಹಿಡಿದರು. ಒಣ ಶಿಟಾಕೆಯಲ್ಲಿ ಗ್ವಾನಿಲೇಟ್ ಎಂಬ ಬೇರೊಂದು ಪದಾರ್ಥ ಇದೆ. ಇವೆರಡೂ ಒಟ್ಟಿಗೆ ಸೇರಿದಾಗ ನಾಲಿಗೆಗೆ ತಿಳಿಯುವ ರುಚಿ ಹಲವು ಪಟ್ಟು ಹೆಚ್ಚುತ್ತದೆ. ಜಪಾನಿನ ಬೌದ್ಧ ಮಠಗಳ ಸಸ್ಯಾಹಾರಿ ಅಡುಗೆ ನಿಂತಿರುವುದೇ ಈ ಜೋಡಿಯ ಮೇಲೆ. ಮೀನು ಹಾಕದಿದ್ದರೆ ಏನೋ ಕಡಿಮೆಯಾಯಿತು ಎಂದು ಸಸ್ಯಾಹಾರಿಗಳು ಅಂದುಕೊಳ್ಳಬೇಕಾಗಿಲ್ಲ.

ಈ ಸಾರಿನಲ್ಲಿ ಅರ್ಧ ಲೀಟರನ್ನು ಬೇರೆ ಪಾತ್ರೆಯಲ್ಲಿ ಎತ್ತಿಡಿ. ಊಟದ ನಡುವೆ ಸಾರು ಬತ್ತಿದಾಗ ಸುರಿಯಲು ಬೇಕಾಗುತ್ತದೆ.

ತಟ್ಟೆಯ ತಯಾರಿ

ಕೋಳಿಯ ತೊಡೆ ಭಾಗ ಅರ್ಧ ಕಿಲೊ. ಸಾಧ್ಯವಾದರೆ ಚರ್ಮ ತೆಗೆಯದೆ, ಮೂಳೆ ಸಮೇತ ಕೊಡಲು ಅಂಗಡಿಯವರಿಗೆ ಹೇಳಿ. ಸಾರಿಗೆ ಮೈ ಬರುವುದು ಅದರಿಂದಲೇ. ತುಂಡುಗಳ ಮೇಲೆ ಕುದಿನೀರು ಸುರಿದು, ಮೇಲ್ಮೈ ಬಿಳಿಯಾದ ಕೂಡಲೇ ತಣ್ಣೀರಿನಲ್ಲಿ ಜಾಲಿಸಿ. ಅರ್ಧ ನಿಮಿಷದ ಈ ಕೆಲಸ ಮಾಡಿದರೆ ಸಾರು ತಿಳಿಯಾಗಿ ಉಳಿಯುತ್ತದೆ. ಮೀನು ಹಾಕುವುದಾದರೆ ಅಂಜಲ್, ಕಾಣೆಯಂಥ ಬಿಳಿ ಮಾಂಸದ್ದು ಇರಲಿ. ಕಾಲು ಗಂಟೆ ಉಪ್ಪು ಸವರಿಟ್ಟು, ಒರೆಸಿ, ಅದಕ್ಕೂ ಬಿಸಿನೀರು ತೋರಿಸಿ. ಬಂಗುಡೆ, ಬೂತಾಯಿ ಬೇಡ. ಅವುಗಳ ಎಣ್ಣೆಯ ವಾಸನೆ ಪೂರ್ತಿ ಪಾತ್ರೆಯನ್ನು ಆವರಿಸುತ್ತದೆ.

ತರಕಾರಿಯಲ್ಲಿ ಮೊದಲನೆಯದು ಹಕುಸಾಯ್. ನಮ್ಮಲ್ಲಿ ಚೈನೀಸ್ ಕ್ಯಾಬೇಜ್ ಎಂದು ಮಾರುವ ಉದ್ದನೆಯ, ತಿಳಿಹಸಿರು ಕೋಸು ಇದು. ಅರ್ಧ ಗಡ್ಡೆ ಬೇಕು. ಗುಂಡು ಕೋಸು ಹಾಕಿದರೂ ನಡೆಯುತ್ತದೆ, ಆದರೆ ಅದರ ವಾಸನೆ ಸಾರಿಗೆ ಇಳಿಯುತ್ತದೆ. ಹಕುಸಾಯ್‌ನ ಬಿಳಿ ದಂಟನ್ನು ಚಾಕು ವಾಲಿಸಿ ಓರೆಯಾಗಿ ತೆಳ್ಳಗೆ ಕೊಯ್ಯಿರಿ, ಎಲೆಯನ್ನು ದೊಡ್ಡದಾಗಿ ಹೆಚ್ಚಿ ಬೇರೆ ಇಡಿ. ಎರಡೂ ಬೇಯುವ ಹೊತ್ತು ಬೇರೆ. ಈರುಳ್ಳಿ ಸೊಪ್ಪು ಎರಡು ಕಟ್ಟು, ಬೆರಳುದ್ದ ತುಂಡು. ಮೂಲಂಗಿ ಒಂದು, ಕ್ಯಾರೆಟ್ ಒಂದು, ತೆಳು ಬಿಲ್ಲೆಗಳು. ಅಣಬೆ ಕಾಲು ಕಿಲೊ, ಎನೋಕಿ, ಆಯ್ಸ್ಟರ್, ತಾಜಾ ಶಿಟಾಕೆ ಯಾವುದಾದರೂ. ಬಟನ್ ಅಣಬೆ ಸಾರನ್ನು ಕಪ್ಪಾಗಿಸುತ್ತದೆ, ಬೇರೆ ಸಿಗದಿದ್ದರೆ ಮಾತ್ರ. ನೆನೆಸಿದ ಶಿಟಾಕೆಯನ್ನೂ ಸೇರಿಸಿ. ಜಪಾನಿನಲ್ಲಿ ಶುಂಗಿಕು ಎಂಬ ಸೇವಂತಿಗೆ ಸೊಪ್ಪು ಹಾಕುತ್ತಾರೆ. ಆ ಕಹಿ ಪರಿಮಳ ಬೇರೆ ಯಾವ ಸೊಪ್ಪಿಗೂ ಇಲ್ಲ. ಪಾಲಕ್ ಹಾಕಿದರೆ ಸೊಪ್ಪಿನ ಜಾಗವಂತೂ ತುಂಬುತ್ತದೆ.

ತೋಫು 400 ಗ್ರಾಂ, ಎಂಟು ತುಂಡು. ಅದರ ಬದಲು ಪನೀರ್ ಹಾಕಬಹುದಾ ಎಂದು ಅನೇಕರು ಕೇಳುತ್ತಾರೆ. ನನ್ನ ಮಟ್ಟಿಗೆ ಬೇಡ. ತೋಫು ಸಾರಿನ ರುಚಿ ಹೀರುತ್ತದೆ, ಪನೀರ್ ಹಾಲಿನ ರುಚಿಯನ್ನು ಸಾರಿಗೆ ತರುತ್ತದೆ. ಸಸ್ಯಾಹಾರಿಗಳು ಅರ್ಧ ತೋಫುವನ್ನು ನೀರು ಒತ್ತಿ ತೆಗೆದು ಎಣ್ಣೆಯಲ್ಲಿ ಕರಿದು, ಮೇಲೆ ಬಿಸಿನೀರು ಸುರಿದು ಹಾಕಿಕೊಳ್ಳಿ. ಕೋಳಿ ಕೊಡುವ ಜಿಡ್ಡಿನ ಕೆಲಸವನ್ನು ಈ ಕರಿದ ತೋಫು ಮಾಡುತ್ತದೆ.

ಅದ್ದಿಕೊಳ್ಳಲು

ಪೊನ್ಜು ಎಂಬ ಹುಳಿ ಸಾಸ್ ಇಲ್ಲದೆ ಈ ಊಟ ಪೂರ್ತಿಯಾಗುವುದಿಲ್ಲ. ಜಪಾನಿನಲ್ಲಿ ಯುಜು, ತೊಕುಶಿಮಾದ ಸುದಾಚಿ, ಓಯಿತಾದ ಕಬೊಸು ಎಂಬ ನಿಂಬೆಯ ಜಾತಿಗಳ ರಸ ಹಾಕುತ್ತಾರೆ. ನಮ್ಮ ನಿಂಬೆಹಣ್ಣಿನ ಹುಳಿ ತೀಕ್ಷ್ಣ, ಅದೊಂದೇ ಹಾಕಿದರೆ ಚುಚ್ಚುತ್ತದೆ. ಮೂರು ದೊಡ್ಡ ಚಮಚ ನಿಂಬೆರಸಕ್ಕೆ ಎರಡು ಚಮಚ ಕಿತ್ತಳೆ ರಸ ಬೆರೆಸಿ. ಕೊಡಗಿನ ಕಿತ್ತಳೆ ಸಿಕ್ಕರೆ ಅದರ ಹುಳಿಸಿಹಿ ಇದಕ್ಕೆ ಬಹಳ ಹೊಂದುತ್ತದೆ. ಅದಕ್ಕೆ ಆರು ಚಮಚ ಸೋಯಾ ಸಾಸ್, ಒಂದು ಚಮಚ ಸಕ್ಕರೆ, ಬೆರಳುದ್ದದ ಕೊಂಬು ಹಾಕಿ ಒಂದು ರಾತ್ರಿ ಫ್ರಿಜ್ಜಿನಲ್ಲಿಡಿ. ಸೋಯಾ ಸಾಸ್ ಜಪಾನಿನ ಬಗೆಯದೇ ಆಗಿರಬೇಕು. ಫ್ರೈಡ್ ರೈಸಿಗೆ ಹಾಕುವ ಮಂದವಾದ ಕಪ್ಪು ಸಾಸ್ ಇಲ್ಲಿ ಬೇಡವೇ ಬೇಡ.

ಎಳ್ಳಿನ ಸಾಸ್ ಇನ್ನೂ ಸುಲಭ. ನಾಲ್ಕು ಚಮಚ ಬಿಳಿ ಎಳ್ಳನ್ನು ಹುರಿದು, ಎಣ್ಣೆ ಬಿಡುವವರೆಗೆ ಅರೆದು, ಎರಡು ಚಮಚ ಸೋಯಾ, ಒಂದೊಂದು ಚಮಚ ಸಕ್ಕರೆ ಮತ್ತು ವಿನೆಗರ್ ಹಾಕಿ, ನಾಬೆಯ ಸಾರಿನಿಂದಲೇ ತೆಳ್ಳಗೆ ಮಾಡಿಕೊಳ್ಳಿ. ಪಕ್ಕದಲ್ಲಿ ತುರಿದ ಮೂಲಂಗಿ, ಸಣ್ಣಗೆ ಹೆಚ್ಚಿದ ಈರುಳ್ಳಿ ಸೊಪ್ಪು ಇರಲಿ.

ಸಾರಿಗೆ ಸ್ವಲ್ಪ ಶುಂಠಿ ಬೆಳ್ಳುಳ್ಳಿ ಪೇಸ್ಟ್, ಮೆಣಸು ಹಾಕೋಣ ಅನಿಸುವುದು ಸಹಜ. ದಯವಿಟ್ಟು ತಡೆದುಕೊಳ್ಳಿ. ಖಾರ ಬೇಕಾದವರು ತಮ್ಮ ಬಟ್ಟಲಿಗೆ ಹಾಕಿಕೊಳ್ಳಲಿ. ಕ್ಯೂಶೂನಲ್ಲಿ ಹಸಿಮೆಣಸಿನಕಾಯಿ, ಯುಜು ಸಿಪ್ಪೆ, ಉಪ್ಪು ಅರೆದು ಯುಜು ಕೋಶೊ ಮಾಡುತ್ತಾರೆ. ನಿಂಬೆಯ ಹಸಿರು ಸಿಪ್ಪೆಯ ಮೇಲ್ಪದರ ತುರಿದು, ಹಸಿಮೆಣಸಿನಕಾಯಿ, ಉಪ್ಪಿನ ಜೊತೆ ಕುಟ್ಟಿದರೆ ಅದರ ಹತ್ತಿರಕ್ಕೆ ಬರುತ್ತದೆ. ಕಡಲೆಕಾಳಿನಷ್ಟು ಹಾಕಿಕೊಂಡರೆ ಸಾಕು.

ಮೇಜಿನ ಮೇಲೆ

1. ಒಂದೂವರೆ ಲೀಟರ್ ಸಾರನ್ನು ಬಿಸಿ ಮಾಡಿ ಕೋಳಿ ಹಾಕಿ. ಮೊದಲ ಕುದಿ ಬಂದಾಗ ಬೂದು ಬಣ್ಣದ ನೊರೆ ಮೇಲೆ ಬರುತ್ತದೆ. ಅದನ್ನು ಸೌಟಿನಿಂದ ತೆಗೆದು ನೀರಿನ ಬೋಗುಣಿಯಲ್ಲಿ ಜಾಲಿಸುತ್ತಾ ಇರಿ. ಹಳದಿ ಕೊಬ್ಬಿನ ಹನಿಗಳನ್ನು ತೆಗೆಯಬೇಡಿ, ಅದು ರುಚಿ. ಉರಿ ತಗ್ಗಿಸಿ, ಮೂಳೆಯಿದ್ದರೆ ಇಪ್ಪತ್ತು ನಿಮಿಷ, ಇಲ್ಲದಿದ್ದರೆ ಹತ್ತು ನಿಮಿಷ. ಇಷ್ಟನ್ನು ಅಡುಗೆಮನೆಯಲ್ಲೇ ಮುಗಿಸಿ ಪಾತ್ರೆಯನ್ನು ಮೇಜಿಗೆ ತರಬಹುದು.

2. ತರಕಾರಿ ಹಾಕುವ ಮೊದಲು ಎಲ್ಲರೂ ಒಂದೊಂದು ಸಣ್ಣ ಬಟ್ಟಲು ಬರೀ ಸಾರು ಕುಡಿಯಿರಿ, ಚಿಟಿಕೆ ಉಪ್ಪು, ಎರಡು ಚೂರು ಈರುಳ್ಳಿ ಸೊಪ್ಪು ಹಾಕಿ. ಹಕಾತಾದಲ್ಲಿ ಮಿಜುತಾಕಿ ಶುರುವಾಗುವುದು ಹೀಗೆ. ಈ ತಿಳಿ ರುಚಿ ನೆನಪಿನಲ್ಲಿದ್ದರೆ ಕೊನೆಯ ಸಾರು ಎಷ್ಟು ಬದಲಾಗಿದೆ ಎಂದು ಗೊತ್ತಾಗುತ್ತದೆ.

3. ಮೂಲಂಗಿ, ಕ್ಯಾರೆಟ್, ಕೋಸಿನ ದಂಟು. ತಟ್ಟೆಯಲ್ಲಿ ಇರುವುದರ ಮೂರನೇ ಒಂದು ಭಾಗ ಮಾತ್ರ. ಮುಚ್ಚಳ ಮುಚ್ಚಿ ಐದು ನಿಮಿಷ.

4. ಅಣಬೆ, ತೋಫು, ಈರುಳ್ಳಿ ಸೊಪ್ಪು, ಕೋಸಿನ ಎಲೆ. ಮೀನು ಇದ್ದರೆ ಅದೂ ಈಗ. ಒಂದೊಂದನ್ನೂ ಒಂದೊಂದು ಮೂಲೆಯಲ್ಲಿ ಇಡಿ, ಕಲಸಬೇಡಿ. ಯಾವುದು ಎಲ್ಲಿದೆ ಎಂದು ಕಾಣಬೇಕು. ಉರಿ ಸಣ್ಣದಿರಲಿ. ಜೋರಾಗಿ ಕುದಿದರೆ ತೋಫುವಿನಲ್ಲಿ ತೂತು ಬಿದ್ದು ಗಡುಸಾಗುತ್ತದೆ. ಅದು ಅಲುಗಾಡಲು ಶುರುವಾದಾಗ ಎತ್ತಿಕೊಳ್ಳಬೇಕು.

5. ಸೊಪ್ಪು ಕೊನೆಗೆ, ಒಂದೇ ನಿಮಿಷ.

ಪಾತ್ರೆ ಖಾಲಿಯಾಗುತ್ತಾ ಬಂದಂತೆ ಮುಂದಿನ ಸರದಿ ಹಾಕಿ. ನಡುವೆ ಆತುರ ಬೇಡ, ಮಾತಾಡುತ್ತಾ ಕಾಯುವುದೂ ಊಟದ ಭಾಗವೇ. ಆದರೆ ಒಬ್ಬರು ಪಾತ್ರೆಯ ಉಸ್ತುವಾರಿ ವಹಿಸಿಕೊಳ್ಳಬೇಕು. ಯಾವುದು ಬೆಂದಿದೆ, ಯಾವಾಗ ಏನು ಹಾಕಬೇಕು ಎಂದು ಹೇಳುವವರು. ಜಪಾನಿನಲ್ಲಿ ಅಂಥವರನ್ನು ನಾಬೆ ಬುಗ್ಯೊ, ಅಂದರೆ ನಾಬೆಯ ಅಧಿಕಾರಿ, ಎಂದು ತಮಾಷೆಯಾಗಿ ಕರೆಯುತ್ತಾರೆ. ಐದಾರು ಕೈ ಒಟ್ಟಿಗೆ ಆಡಿದರೆ ಯಾವ ನಾಬೆಯೂ ಕೆಡುತ್ತದೆ.

ಪಾತ್ರೆಯಿಂದ ತೆಗೆಯಲು ಬೇರೆ ಸೌಟು, ಹಸಿ ಮಾಂಸ ಹಾಕಲು ಬೇರೆ ಇಕ್ಕಳ ಇರಲಿ. ನಮಗಂತೂ ಎಂಜಲಿನ ವಿಷಯ ಹೇಳಿಕೊಡಬೇಕಾಗಿಲ್ಲ. ಜಪಾನಿನಲ್ಲೂ ಅತಿಥಿಗಳಿದ್ದಾಗ ತಿನ್ನುವ ಕಡ್ಡಿಯನ್ನು ಪಾತ್ರೆಗೆ ಹಾಕುವುದು ಸಭ್ಯತೆಯಲ್ಲ. ಕೋಳಿಯ ಒಳಭಾಗ 75 ಡಿಗ್ರಿ ಬಿಸಿಯಲ್ಲಿ ಒಂದು ನಿಮಿಷವಾದರೂ ಇರಬೇಕು. ಎರಡನೇ ಸರದಿಗೆ ಹಸಿ ಕೋಳಿ ಹಾಕಿದರೆ ಅದು ಬೇಯುವ ತನಕ ಯಾರೂ ಸಾರು ಕುಡಿಯಬೇಡಿ. ಮುಂದೆ ಸುಕಿಯಾಕಿ ಮಾಡಿದರೂ ಒಂದು ಮಾತು: ಅದನ್ನು ಹಸಿ ಮೊಟ್ಟೆಯಲ್ಲಿ ಅದ್ದಿ ತಿನ್ನುವುದು ಜಪಾನಿನ ರೂಢಿ. ಅಲ್ಲಿ ಮೊಟ್ಟೆಯನ್ನು ಹಸಿಯಾಗಿ ತಿನ್ನಲೆಂದೇ ತೊಳೆದು, ಪರೀಕ್ಷಿಸಿ, ದಿನಾಂಕ ಹಾಕಿ ಮಾರುತ್ತಾರೆ. ನಮ್ಮ ಅಂಗಡಿಯ ಮೊಟ್ಟೆಯನ್ನು ಹಾಗೆ ತಿನ್ನಬೇಡಿ.

ಶಿಮೆ, ಕೊನೆಯ ಅನ್ನ

ಪಾತ್ರೆಯಲ್ಲಿ ಸುಮಾರು ಮೂರು ಲೋಟ ಸಾರು ಉಳಿಯುವ ಹಾಗೆ ನೋಡಿಕೊಳ್ಳಿ. ಉಳಿದ ಚೂರುಗಳನ್ನು ಜಾಲರಿ ಸೌಟಿನಿಂದ ತೆಗೆಯಿರಿ. ಎರಡು ಲೋಟ ಅನ್ನವನ್ನು ನೀರಿನಲ್ಲಿ ಒಮ್ಮೆ ಜಾಲಿಸಿ ಬಸಿದು ಹಾಕಿ. ಜಾಲಿಸದಿದ್ದರೆ ಪಿಷ್ಟ ಸೇರಿ ಸಾರು ಅಂಟಂಟಾಗುತ್ತದೆ. ಸೋನಾ ಮಸೂರಿ ಆದರೂ ಸರಿ, ಸ್ವಲ್ಪ ಮೆತ್ತಗೆ ಮಾಡಿರಬೇಕು. ಎರಡು ಮೂರು ನಿಮಿಷ ಕುದಿಸಿ, ಈಗ ಉಪ್ಪು ನೋಡಿ. ಇಡೀ ಅಡುಗೆಯಲ್ಲಿ ಪಾತ್ರೆಗೆ ಉಪ್ಪು ಬೀಳುವುದು ಇಲ್ಲೇ ಮೊದಲು. ಎರಡು ಮೊಟ್ಟೆ ಒಡೆದು ಕಲಸಿ, ಸಣ್ಣ ಧಾರೆಯಾಗಿ ಸುತ್ತ ಸುರಿದು, ಅರ್ಧ ನಿಮಿಷ ಕುದಿಸಿ, ಉರಿ ಆರಿಸಿ ಮುಚ್ಚಿ. ಎರಡು ನಿಮಿಷದ ನಂತರ ತೆಗೆದರೆ ಮೊಟ್ಟೆ ಮೋಡದ ಹಾಗೆ ಕಟ್ಟಿಕೊಂಡಿರುತ್ತದೆ. ಮೇಲೆ ಈರುಳ್ಳಿ ಸೊಪ್ಪು. ಇದಕ್ಕೆ ಜೋಸುಯಿ ಎನ್ನುತ್ತಾರೆ. ಮೊಟ್ಟೆ ತಿನ್ನದವರು ಒಂದು ಚಮಚ ಹುರಿದ ಎಳ್ಳಿನ ಪುಡಿ, ತುರಿದ ಶುಂಠಿ ಹಾಕಿಕೊಳ್ಳಿ. ಅನ್ನದ ಬದಲು ಊದೋನ್ ನೂಡಲ್ಸ್ ಹಾಕುವವರೂ ಇದ್ದಾರೆ. ನನಗೆ ಅನ್ನವೇ ಇಷ್ಟ, ಸಾರನ್ನು ಒಂದು ಹನಿಯೂ ಬಿಡದೆ ಕುಡಿಯುತ್ತದೆ.

ಸಸ್ಯಾಹಾರಿಗಳಿಗೆ ಎರಡು ಮಾತು

ಅಂಗಡಿಯಲ್ಲಿ ಸಿಗುವ ದಾಶಿ ಪುಡಿಯಲ್ಲಿ ಸಾಮಾನ್ಯವಾಗಿ ಮೀನು ಇರುತ್ತದೆ. ಬಾಟಲಿಯ ಪೊನ್ಜು, ನೂಡಲ್ಸಿಗೆ ಹಾಕುವ ತ್ಸುಯು, ದಾಶಿ ಬೆರೆಸಿದ ಮಿಸೊ, ಕೊರಿಯಾದ ಕೋಸಿನ ಉಪ್ಪಿನಕಾಯಿ ಕಿಮ್ಚಿ, ಇವುಗಳಲ್ಲೂ ಇರಬಹುದು. ಜಪಾನಿನಲ್ಲಿರುವ ಕನ್ನಡಿಗರು ಅಲ್ಲಿ ಚಳಿಗಾಲದಲ್ಲಿ ರಾಶಿ ರಾಶಿ ಬರುವ ನಾಬೆ ಸಾರಿನ ಪೊಟ್ಟಣಗಳನ್ನು ಹೆಸರು ನೋಡಿ ನಂಬಬೇಡಿ. ತರಕಾರಿಯ ಚಿತ್ರ ಇದ್ದರೂ ಒಳಗೆ ಕೋಳಿ, ಹಂದಿ ಅಥವಾ ಮೀನಿನ ಸಾರ ಇರಬಹುದು. ಹಿಂಬದಿಯ ಪಟ್ಟಿಯಲ್ಲಿ ಕತ್ಸುಓ, ನಿಬೋಶಿ, ಸಾಬಾ (ಮೂರೂ ಮೀನಿನವು), ಚಿಕನ್, ಪೋರ್ಕ್ ಎಂಬ ಪದಗಳಿವೆಯೇ ನೋಡಿ, ಅಥವಾ ಫೋನಿನಲ್ಲಿ ಅನುವಾದಿಸಿ ಓದಿ.

ಸಾರಿಗೆ ಇನ್ನಷ್ಟು ಮೈ ಬೇಕಾದರೆ ಕೊಂಬಿನ ದಾಶಿಗೆ ಅರ್ಧದಷ್ಟು ಸಿಹಿಯಿಲ್ಲದ ಸೋಯಾ ಹಾಲು ಬೆರೆಸಿ, ಎರಡು ಚಮಚ ಬಿಳಿ ಮಿಸೊ ಕರಗಿಸಿ. ಜಪಾನಿನಲ್ಲೂ ಇದು ಬಹಳ ಜನರಿಗೆ ಮೆಚ್ಚಿನ ಬಗೆ. ಕುದಿ ಬರಲು ಬಿಡಬೇಡಿ, ಒಡೆಯುತ್ತದೆ. ಹಬೆಯಾಡುತ್ತಿದ್ದರೆ ಸಾಕು. ಈ ಸಾರಿಗೆ ರುಚಿ ಮೊದಲೇ ಇರುವುದರಿಂದ ಅದ್ದಿಕೊಳ್ಳುವ ಸಾಸ್ ಬೇಕಾಗಿಲ್ಲ.

ಊಟವಾದ ಮೇಲೆ ದೊನಾಬೆಯನ್ನು ಪೂರ್ತಿ ಆರಲು ಬಿಟ್ಟು, ಬಿಸಿನೀರಿನಲ್ಲಿ ಮೃದು ಸ್ಪಂಜಿನಿಂದ ತೊಳೆಯಿರಿ. ಸೋಪಿನ ನೀರಿನಲ್ಲಿ ನೆನೆಹಾಕಬೇಡಿ, ಮಣ್ಣು ಅದನ್ನೂ ಹೀರಿಕೊಳ್ಳುತ್ತದೆ. ಬೋರಲು ಹಾಕಿ ಒಂದು ದಿನ ಪೂರ್ತಿ ಒಣಗಿಸಿ ಆಮೇಲೆ ಒಳಗಿಡಿ. ಎತ್ತಿಟ್ಟ ಕೊಂಬನ್ನು ಸಣ್ಣ ಎಳೆಗಳಾಗಿ ಕೊಯ್ದು, ಅದು ಮುಳುಗುವಷ್ಟು ನೀರು, ಎರಡು ಚಮಚ ಸೋಯಾ, ಒಂದು ಚಮಚ ಸಕ್ಕರೆ, ಕೆಲವು ಹನಿ ವಿನೆಗರ್ ಹಾಕಿ ನೀರು ಬತ್ತುವ ತನಕ ಸಣ್ಣ ಉರಿಯಲ್ಲಿ ಬೇಯಿಸಿ. ಮೇಲೆ ಹುರಿದ ಎಳ್ಳು ಉದುರಿಸಿ ಫ್ರಿಜ್ಜಿನಲ್ಲಿಟ್ಟರೆ ಒಂದು ವಾರ ಅನ್ನದ ಜೊತೆ ನೆಂಚಿಕೊಳ್ಳಲು ಆಗುತ್ತದೆ.